ಅದಕ್ಕೇ ಹೇಳಿದ್ದು

ಮೂರನೆಯ ಕ್ಲಾಸಿನ ಪ್ರೋಗ್ರೆಸ್ ಕಾರ್ಡಿನ ಕೊನೆಯ ಕಲಮಿನಲ್ಲಿ ನಮ್ಮ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಹುಡುಗ ಬುದ್ಧಿವಂತ. ಆದರೆ ವಾಚಾಳಿ.’

ಅಪ್ಪ ಊರಲ್ಲಿರಲಿಲ್ಲ. ಅಜ್ಜಿಗೆ ಓದು ಬರುತ್ತಿರಲಿಲ್ಲ, ನನ್ನಿಂದಲೇ ಓದಿಸಿದಳು. ಬುದ್ಧಿವಂತ ಅನ್ನುವಲ್ಲಿ ದನಿ ಏರಿಸಿ, ‘ಆದರೆ’ಯನ್ನು ನುಂಗಿಕೊಂಡು, ವಾಚಾಳಿ ಅಂದೆ. “ಹಂಗಂದ್ರೇನ್ಲಾ?” ಅಂದಳು. ಊರ ದೇವಸ್ಥಾನದಲ್ಲಿ ಆಗ ಶ್ರಾವಣಮಾಸದ ಜೈಮಿನಿ ಭಾರತ ವಾಚನ ನಡೆಯುತ್ತಿತ್ತು. ವಾಚನ ಮಾಡುವವರಿಗೆ ಹಾರ, ಹಣ್ಣು, ಊರೆಲ್ಲ ಕೈಮುಗಿಯುವುದು. ನನಗೆ ಹೊಳೆದುಬಿಟ್ಟಿತು. “ಚೆನ್ನಾಗಿ ವಾಚನ ಮಾಡೋನು ಅಂತ” ಅಂದೆ. ಅಜ್ಜಿ ನನ್ನ ಕೈಗೆ ಬೆಲ್ಲ ಕೊಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನೀರು ಸೇದಲು ಹೋದವಳು ಬಾವಿಕಟ್ಟೆಯ ಮೇಲೆ, “ನಮ್ಮ ಹುಡುಗನ್ನ ವಾಚಾಳಿ ಅಂತ ಮೇಷ್ಟ್ರೇ ಬರಕೊಟ್ಟವ್ರೆ” ಎಂದು ಸಾರಿಬಂದಳು. ಎರಡು ದಿನ ಬಿಟ್ಟು ಅಪ್ಪ ಬಂದರು. ಆ ಪದದ ಸರಿಯಾದ ಅರ್ಥವನ್ನು ಬೆತ್ತದ ಸಹಾಯದಿಂದ ವಿವರಿಸಿದರು. ಕನ್ನಡದಲ್ಲಿ ನಾನು ಕಲಿತ ಮೊದಲ ಶಬ್ದಾರ್ಥ ಅದು. ಇವತ್ತಿಗೂ ಮರೆತಿಲ್ಲ.

ನಿಜ ಹೇಳಬೇಕೆಂದರೆ ಆ ಬಿರುದು ನನಗೆ ಸಲ್ಲಬೇಕಾದದ್ದೇ ಅಲ್ಲ. ನಮ್ಮ ವಂಶದಲ್ಲಿ ಅದಕ್ಕೆ ಅರ್ಹರಾದವರು ಒಬ್ಬರೇ, ನನ್ನ ಸೋದರತ್ತೆ. ಅರಸೀಕೆರೆ ಅತ್ತೆ.

ಅತ್ತೆ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಹೊತ್ತಿಗೆ ಒಂದು ವಾಕ್ಯದ ನಡುವೆ ಇರುತ್ತಿದ್ದಳು. ಅದರ ಮೊದಲರ್ಧವನ್ನು ಬಸ್ಸಿನಲ್ಲಿ ಯಾರಿಗೆ ಹೇಳಿದ್ದಳೋ, ಉಳಿದರ್ಧ ನಮಗೆ. ಕೊಬ್ಬರಿ ರೇಟು ಬಿದ್ದುಹೋದ ಸಂಗತಿಯಿಂದ ಹೊರಟರೆ, ಕೊಬ್ಬರಿ ವ್ಯಾಪಾರಿಯ ಮಗಳ ಮದುವೆ, ಮದುವೆಯಲ್ಲಿ ಹೋಳಿಗೆ ಕಡಿಮೆ ಬಿದ್ದು ಬೀಗರು ಎದ್ದುಹೋದದ್ದು, ಎದ್ದುಹೋದ ಬೀಗರ ತಮ್ಮನಿಗೆ ಹಾವು ಕಚ್ಚಿದ್ದು, ಹಾವು ಕಚ್ಚಿದವನನ್ನು ಗೂಡ್ಸ್ ಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಹಾಸನಕ್ಕೆ ಸಾಗಿಸಿದ್ದು, ಆ ಗಾರ್ಡಿನ ಹೆಂಡತಿ ಹಪ್ಪಳಕ್ಕೆ ಹಾಕುವ ಸೋಡದ ಪ್ರಮಾಣ. ಹೀಗೆ ಮುಕ್ಕಾಲು ಗಂಟೆ ಸುತ್ತಿ ಬಂದು, ಕಾಫಿ ಲೋಟ ಕೆಳಗಿಟ್ಟು, ಎರಡೂ ಅಂಗೈಯನ್ನು ಮಂಡಿಯ ಮೇಲೆ ಊರಿ, “ಅದಕ್ಕೇ ಹೇಳಿದ್ದು” ಅನ್ನುತ್ತಿದ್ದಳು. ಯಾವುದಕ್ಕೆ, ಏನನ್ನು ಹೇಳಿದ್ದು ಅಂತ ನಮಗ್ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಮಾತು ಬಂತೆಂದರೆ ಒಂದು ಅಧ್ಯಾಯ ಮುಗಿಯಿತು, ಎದ್ದು ಬಚ್ಚಲಿಗೆ ಹೋಗಿಬರಬಹುದು ಎಂದು ಲೆಕ್ಕ.

ಅವಳನ್ನು ಕುರಿತು ನಮ್ಮ ಮನೆಯಲ್ಲಿ ಬಳಕೆಯಲ್ಲಿದ್ದ ಪದಗಳನ್ನು ಒಟ್ಟುಮಾಡಿದರೆ ಒಂದು ಸಣ್ಣ ನಿಘಂಟಾದೀತು. ಅಜ್ಜಿಗೆ ಅವಳು ಬಾಯಿಬಡಕಿ, ಹೆತ್ತ ಮಗಳಾದ್ದರಿಂದ ಸಲಿಗೆ. ಅಪ್ಪನಿಗೆ ವಾಚಾಳಿ. ಅಮ್ಮ ನಾದಿನಿಯ ಎದುರಿಗೆ ಅವಳನ್ನು ‘ಮಾತುಗಾತಿ’ ಅನ್ನುತ್ತಿದ್ದಳು, ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡ ಮೇಲೆ ‘ಬಜಾರಿ’. ಚಿಕ್ಕಪ್ಪ ಸಿಟಿಯಲ್ಲಿ ಓದಿ ಬಂದವನು. “ಅತ್ತಿಗೇ, ಅಕ್ಕ ಕುಯ್ಯೋಕೆ ಶುರು ಮಾಡಿದಳು, ನಾನು ಹೊರಟೆ” ಎಂದು ಸೈಕಲ್ ಹತ್ತುತ್ತಿದ್ದ. ಬಾಯಿ ಒಂದೇ. ಪದ ಮಾತ್ರ ಕಿವಿಗೊಂದು.

ಈ ಕುಯ್ಯುವುದರ ಬಗ್ಗೆ ನನಗೆ ಆಗಿನಿಂದಲೂ ಬೆರಗು. ಮಾತು ಅತಿಯಾಯಿತೆಂದರೆ ಕನ್ನಡಿಗರಿಗೆ ಅದೇಕೋ ಬಡಗಿಯ ಚೀಲ ಮತ್ತು ಅಡುಗೆಮನೆಯ ಈಳಿಗೆಮಣೆಯೇ ನೆನಪಾಗುತ್ತವೆ. ಒಬ್ಬ ಕುಯ್ಯುತ್ತಾನೆ, ಒಬ್ಬ ಕೊರೆಯುತ್ತಾನೆ, ಇನ್ನೊಬ್ಬ ತನ್ನನ್ನು ತಾನೇ ಕೊಚ್ಚಿಕೊಳ್ಳುತ್ತಾನೆ. ಕೆಲವರು ಒಂದೇ ವಿಷಯವನ್ನು ಕುಟ್ಟುತ್ತಾರೆ. ತಲೆಯನ್ನೇ ತಿಂದುಬಿಡುವವರೂ ಇದ್ದಾರೆ. ಕೊರೆಯುವುದರಲ್ಲಿ ಪಳಗಿದವನಿಗೆ ‘ಬೈರಿಗೆ’ ಎಂದು ಅಡ್ಡಹೆಸರು. ಕೊಳವೆಬಾವಿಗೂ ಬೋರು, ಬೇಸರಕ್ಕೂ ಬೋರು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಕನ್ನಡವಾಗಿಸಿಕೊಂಡವರು ನಾವು. ಒಂದು ವ್ಯತ್ಯಾಸ ಉಂಟು. ಮೊದಲನೆಯದರಲ್ಲಿ ಆರುನೂರು ಅಡಿ ಕೊರೆದರೆ ಒಮ್ಮೊಮ್ಮೆ ನೀರು ಬರುತ್ತದೆ.

ಸುಳ್ಳು ಬೆರೆತ ಮಾತಾದರೆ ಅದಕ್ಕೆ ‘ಬಿಡುವ’ ಕ್ರಿಯಾಪದ. ಬುರುಡೆ ಬಿಡುವುದು, ಓಳು ಬಿಡುವುದು, ರೈಲು ಬಿಡುವುದು, ರೀಲು ಬಿಡುವುದು. ರೀಲು ಬಿಡುವವರನ್ನು ಕಂಡರೆ ಹಿಂದೆ ಜನ ಪಕ್ಕದ ಓಣಿಗೆ ತಿರುಗುತ್ತಿದ್ದರು. ಈಗ ಅದೇ ಕಸುಬಿಗೆ ಬಹುವಚನ ಬಂದು ರೀಲ್ಸ್ ಆಗಿದೆ, ಲಕ್ಷಗಟ್ಟಲೆ ಜನ ಹಿಂಬಾಲಿಸುತ್ತಾರೆ.

ಪದಗಳ ಬಾಲ ಹಿಡಿದು ನೋಡಿದರೂ ಸ್ವಾರಸ್ಯವಿದೆ. ‘ಗಾರ’ ಹತ್ತಿದರೆ ಮಾತು ಒಂದು ಕಸುಬು: ಬಳೆಗಾರ, ಬೇಟೆಗಾರ, ಮಾತುಗಾರ. ‘ಮಲ್ಲ’ ಬಂದರೆ ಕುಸ್ತಿ: ಮಾತಿನ ಮಲ್ಲ, ಹರಟೆಮಲ್ಲ. ‘ಕೋರ’ ಪಾರಸಿಯಿಂದ ಬಂದದ್ದು, ತಿನ್ನುವವನು ಎಂದರ್ಥ. ಲಂಚಕೋರ ಲಂಚ ತಿನ್ನುವಂತೆ ಚಾಡಿಕೋರ ಚಾಡಿಯನ್ನೇ ಉಂಡು ಬದುಕುತ್ತಾನೆ. ಬಾಯಿಬಡಕನಂತೂ ಸ್ವಂತ ಬಾಯಿಯನ್ನೇ ಬಡಿದುಕೊಳ್ಳುವವನು, ಅವನಿಗೆ ಎದುರಾಳಿಯೂ ಬೇಡ.

ಇನ್ನು ಬರೀ ಸದ್ದಿನಿಂದಲೇ ಆದ ಪದಗಳು. ಮಗು ಪಟಪಟ ಮಾತಾಡಿದರೆ ದೃಷ್ಟಿ ತೆಗೆಯುತ್ತೇವೆ. ಅದೇ ಮಗು ವಟವಟ ಅಂದರೆ ಬೆನ್ನಿಗೊಂದು ಬೀಳುತ್ತದೆ. ಪಟಪಟ ಅನ್ನುವಾಗ ಕಣ್ಣಮುಂದೆ ಅರಳು ಹುರಿಯುವ ಬಾಣಲೆ ಇರುತ್ತದೆ, ವಟವಟಕ್ಕೆ ಮಳೆಗಾಲದ ಕಪ್ಪೆ. ಮಗು ಆಡಿದ್ದು ಅದೇ ಮಾತು. ಬೆಳಿಗ್ಗೆ ಕೇಳಿದಾಗ ಅರಳು, ರಾತ್ರಿ ನಿದ್ದೆ ಎಳೆಯುವಾಗ ಕೇಳಿದರೆ ಕಪ್ಪೆ. ನಡುವೆ ಬದಲಾದದ್ದು ಅಪ್ಪನ ತಲೆನೋವೊಂದೇ.

ನನ್ನದು ಬ್ಯಾಂಕಿನ ನೌಕರಿ. ಮೂರು ವರ್ಷಕ್ಕೊಂದು ವರ್ಗ. ಹಾಸನ ಸೀಮೆಯ ಕಿವಿ ಹೊತ್ತುಕೊಂಡು ಧಾರವಾಡಕ್ಕೆ ಹೋದವನಿಗೆ ಮೊದಲ ವಾರವೇ ಪೆಟ್ಟು ಬಿತ್ತು. ಕೌಂಟರಿನ ಮುಂದೆ ನಿಂತ ಪಟಕಾದ ಹಿರಿಯರೊಬ್ಬರು, “ಸಾಹೇಬ್ರ, ಆಗಿಂದ ಒದರಾಕತ್ತೇನಿ, ಕೇಳಸಂಗಿಲ್ಲೇನ್ರಿ?” ಅಂದರು. ನಮ್ಮ ಕಡೆ ಒದರುವುದು ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಇನ್ನೊಬ್ಬರಿಗೆ ‘ಯಾಕೆ ಒದರ್ತೀಯಾ’ ಅಂದರೆ ಜಗಳಕ್ಕೆ ಕರೆದ ಹಾಗೆ. ಇವರು ನೋಡಿದರೆ ತಮಗೆ ತಾವೇ ಅಂದುಕೊಳ್ಳುತ್ತಿದ್ದಾರೆ! ಅಯ್ಯೋ ಪಾಪ, ಎಷ್ಟು ನೊಂದಿದ್ದಾರೋ ಎಂದು ಎದ್ದು ನಿಂತು ಕ್ಷಮೆ ಕೇಳಿದೆ. ಅವರು ಗಾಬರಿಯಾದರು. ಪಕ್ಕದ ಸಹೋದ್ಯೋಗಿ ಆಮೇಲೆ ತಿಳಿಸಿದ, ಅಲ್ಲಿ ಒದರುವುದೆಂದರೆ ಕೂಗಿ ಕರೆಯುವುದು, ಅಷ್ಟೆ. ಆ ಊರಿನಲ್ಲಿ ಹರಟೆಯನ್ನೂ ‘ಹೊಡೆಯು’ತ್ತಾರೆ. ಸಾಯಂಕಾಲ ಹೊಡೆಯಲು ಕೂತರೆ ಯಾರ ಮೈಗೂ ಗಾಯವಾಗದಂತೆ ರಾತ್ರಿ ಒಂಬತ್ತರವರೆಗೆ ಹೊಡೆಯಬಲ್ಲರು.

ಧಾರವಾಡದಿಂದ ಉಡುಪಿ ಕಡೆಗೆ ವರ್ಗವಾಯಿತು. ಮನೆ ಮಾಲೀಕರು ಬಾಡಿಗೆಯ ಕರಾರು ಮುಗಿಸಿ, “ಸಂಜೆ ಬನ್ನಿ, ಸ್ವಲ್ಪ ಪಟ್ಟಾಂಗ ಹೊಡೆಯುವ” ಅಂದರು. ಪಟ್ಟಾಂಗ ಅಂದರೆ ಚಂಡೆಯ ಹಾಗೆ ಏನಾದರೂ ವಾದ್ಯವಿರಬೇಕು, ನನಗೆ ಬಾರಿಸಲು ಬಾರದಲ್ಲ ಎಂದು ಅಳುಕುತ್ತಲೇ ಹೋದೆ. ಎರಡು ಲೋಟ ಕಷಾಯ, ಒಂದು ತಟ್ಟೆ ಬಾಳೆಕಾಯಿ ಚಿಪ್ಸು, ಹೊರಗೆ ಧೋ ಎಂದು ಮಳೆ. ಅವರು ಮಾತಾಡಿದರು. ಪಟ್ಟಾಂಗವೆಂದರೆ ಅದೇ. ಅದರಲ್ಲಿ ಕೆಲಸಕ್ಕೆ ಬರುವ ಒಂದು ಸಂಗತಿಯೂ ಇರಕೂಡದು ಅನ್ನುವುದು ಅಲಿಖಿತ ನಿಯಮ. ನಡುವೆ ನಾನು ನಲ್ಲಿ ಸೋರುವ ವಿಷಯ ಎತ್ತಿದೆ. ಅವರು ಬೇಸರದಿಂದ, “ಅದು ನಾಳೆ ಮಾತಾಡುವ” ಅಂದರು.

ಆ ಸೀಮೆಯಲ್ಲಿ ಮಾತಿಗೆ ಇರುವ ಮರ್ಯಾದೆಯನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಒಂದು ರಾತ್ರಿ ತಾಳಮದ್ದಳೆಗೆ ಕರೆದುಕೊಂಡು ಹೋದರು. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ ಉಟ್ಟು ಶಲ್ಯ ಹೊದ್ದ ನಾಲ್ಕೈದು ಜನ ಎದುರುಬದುರು ಕೂತಿದ್ದಾರೆ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಅದನ್ನು ಹಿಡಿದು ಹೊರಡುತ್ತಾರೆ. ಕೃಷ್ಣಸಂಧಾನ. ಕೃಷ್ಣ ಐದು ಊರು ಕೇಳಬೇಕು, ದುರ್ಯೋಧನ ಇಲ್ಲ ಅನ್ನಬೇಕು. ಇಷ್ಟೇ ಕೆಲಸ. ನಮ್ಮ ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರಸ್ಕರಿಸಲು ಎರಡು ಸಾಲು ಸಾಕು. ಅಲ್ಲಿ ಬೆಳಗಿನ ಜಾವದವರೆಗೆ ನಡೆಯಿತು. ನಾಲ್ಕು ಗಂಟೆಗೆ ದುರ್ಯೋಧನನ ಪಾತ್ರಧಾರಿ ಎತ್ತಿದ ಒಂದು ಪ್ರಶ್ನೆಗೆ ಕೃಷ್ಣ ಕ್ಷಣಹೊತ್ತು ತಡವರಿಸಿದ. ಅಂಗಳದಲ್ಲಿ ಕೂತ ಮುನ್ನೂರು ಜನ ಉಸಿರು ಬಿಗಿಹಿಡಿದರು. ನನಗೂ ಪಾಂಡವರಿಗೆ ಊರು ಕೊಡದಿದ್ದರೇ ನ್ಯಾಯವೇನೋ ಅನ್ನಿಸಿಬಿಟ್ಟಿತ್ತು. ಮಾರನೆಯ ದಿನ ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ಟು ಕೊಂಡೆ. ಶೇಣಿಯವರು (1918–2006) ಆ ಕಲೆಯ ದೊಡ್ಡ ಹೆಸರು. ಅವರ ಬಗ್ಗೆ ಅಲ್ಲಿನವರು ‘ಎಂಥ ಮಾತುಗಾರಿಕೆ ಮಾರಾಯ್ರೆ’ ಅನ್ನುವಾಗ ದನಿ ತಗ್ಗುತ್ತದೆ, ದೇವರ ಹೆಸರು ಹೇಳಿದಂತೆ. ನಮ್ಮ ಅತ್ತೆ ಘಟ್ಟದ ಕೆಳಗೆ ಗಂಡಾಗಿ ಹುಟ್ಟಿದ್ದರೆ ಶಾಲು, ಹಾರ, ಫಲಕ ಸಿಗುತ್ತಿದ್ದವು. ಘಟ್ಟದ ಮೇಲೆ ಹೆಣ್ಣಾಗಿ ಹುಟ್ಟಿದ್ದಕ್ಕೆ ಸಿಕ್ಕಿದ್ದು ಬಜಾರಿ.

ಹೆಣ್ಣಾಗಿ ಅಂದೆ. ಅದನ್ನು ಸುಮ್ಮನೆ ಅಂದದ್ದಲ್ಲ. ಬಜಾರಿ, ಗಯ್ಯಾಳಿ ಎಂಬ ಪದಗಳಿಗೆ ಪುಲ್ಲಿಂಗ ಹುಡುಕಿ ನೋಡಿ. ಬಜಾರಿಗೆ ದಿನವೂ ಹೋಗುತ್ತಿದ್ದವರು ಗಂಡಸರು, ಪದ ಮಾತ್ರ ಮನೆಯಲ್ಲಿದ್ದ ಹೆಂಗಸಿಗೆ ಅಂಟಿತು. ತೇಜಸ್ವಿಯವರು ‘ಕಿರಗೂರಿನ ಗಯ್ಯಾಳಿಗಳು’ ಬರೆದ ಮೇಲೆ ಗಯ್ಯಾಳಿಗೆ ಒಂದಿಷ್ಟು ಮಾನ ಬಂತು, ನಿಜ. ಆದರೂ ಎದುರಿಗೆ ಅಂದು ನೋಡುವ ಧೈರ್ಯ ನನಗಿಲ್ಲ. ಮಾತಾಡದ ಹೆಂಗಸಿಗಾದರೂ ಒಳ್ಳೆಯ ಹೆಸರುಂಟೇ? ಅವಳು ‘ಬಾಯಿ ಸತ್ತವಳು’, ಇಲ್ಲವೇ ‘ಗುಮ್ಮನಗುಸುಕಿ’. ಬಾಯಿ ಇದ್ದರೂ ಕಷ್ಟ, ಸತ್ತರೂ ಕಷ್ಟ.

ಅದೇ ಗಂಡಸು ಮೈಕು ಹಿಡಿದರೆ? ಆಹ್ವಾನ ಪತ್ರಿಕೆಯಲ್ಲಿ ‘ಖ್ಯಾತ ವಾಗ್ಮಿಗಳು ಹಾಗೂ ಚಿಂತಕರು’. ಖ್ಯಾತ ವಾಗ್ಮಿಗಳು “ಸಮಯದ ಅಭಾವವಿರುವುದರಿಂದ ಎರಡೇ ಎರಡು ಮಾತು ಹೇಳಿ ಮುಗಿಸುತ್ತೇನೆ” ಎಂದು ಪ್ರಾರಂಭಿಸುತ್ತಾರೆ. ಸೇರು, ಪಾವು, ಕೊಳಗಗಳಿಗೆಲ್ಲ ಅಳತೆ ಗೊತ್ತು, ಈ ‘ಎರಡು ಮಾತು’ ಎಂಬ ಮಾಪನಕ್ಕೆ ಮಾತ್ರ ಇದುವರೆಗೆ ಮುದ್ರೆ ಹಾಕಿದವರಿಲ್ಲ. ಒಮ್ಮೆ ನಾನೇ ನಿರೂಪಕನಾಗಿದ್ದೆ. ಐವತ್ತನೆಯ ನಿಮಿಷಕ್ಕೆ ಚೀಟಿ ಕಳಿಸಿದೆ. ಅವರು ಅದನ್ನು ಬಿಡಿಸಿ ಓದಿದರು, ಮಡಿಸಿ ಜೇಬಿಗಿಟ್ಟರು, ನೀರು ಕುಡಿದರು. “ಸಂಘಟಕರು ಇನ್ನೂ ಮಾತಾಡಿ ಅನ್ನುತ್ತಿದ್ದಾರೆ” ಅಂದರು.

ವಾಗ್ಮಿ, ವಾಚಾಳಿ ಇಬ್ಬರೂ ಒಂದೇ ತಾಯಿಯ ಮಕ್ಕಳು ಎಂದು ನನಗೆ ತಿಳಿಸಿದವರು ಸಂಸ್ಕೃತ ಬಲ್ಲ ಗೆಳೆಯರೊಬ್ಬರು. ಮೇಷ್ಟ್ರ ಕೆಂಪು ಶಾಯಿಯ ಕತೆಯನ್ನು ಹೇಳಿಕೊಂಡು ನಗುತ್ತಿದ್ದಾಗ ಅವರು ಎದ್ದು ಹೋಗಿ ಪಾಣಿನಿಯ ಅಷ್ಟಾಧ್ಯಾಯಿ ತಂದರು. ಐದನೆಯ ಅಧ್ಯಾಯ, ಎರಡನೆಯ ಪಾದ. 124ನೆಯ ಸೂತ್ರ ‘ವಾಚ್’ ಎಂಬುದಕ್ಕೆ ಒಂದು ಪ್ರತ್ಯಯ ಹಚ್ಚಿ ವಾಗ್ಮಿಯನ್ನು ಹುಟ್ಟಿಸುತ್ತದೆ. 125ನೆಯದು ಅದೇ ‘ವಾಚ್’ಗೆ ಬೇರೆ ಪ್ರತ್ಯಯ ಹಚ್ಚಿ, ಬಹಳ ಮಾತಾಡುವವನು ಎಂಬ ಅರ್ಥದಲ್ಲಿ, ವಾಚಾಲ ಮತ್ತು ವಾಚಾಟರನ್ನು ಹುಟ್ಟಿಸುತ್ತದೆ. ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. ಪಾಣಿನಿ ‘ಬಹಳ ಮಾತು’ ಎಂದಷ್ಟೇ ಹೇಳಿ ಕೈತೊಳೆದುಕೊಂಡ. ಮುಂದೆ ಬಂದ ವ್ಯಾಖ್ಯಾನಕಾರರಿಗೆ ಇದು ಸಾಲಲಿಲ್ಲ. ಬಹಳ ಆಡಿದರೂ ಚೆನ್ನಾಗಿ ಆಡಿದರೆ ಅವನು ವಾಗ್ಮಿಯೇ, ಕೆಟ್ಟದಾಗಿ ಆಡಿದರೆ ಮಾತ್ರ ವಾಚಾಲ ಎಂದು ತೀರ್ಪು ಸೇರಿಸಿದರು. ಚೆನ್ನಾಗಿ ಎಂದು ಹೇಳುವವರು ಯಾರು? ಅದಕ್ಕೆ ಸೂತ್ರವಿಲ್ಲ. “ಅದು ಎದುರಿಗೆ ಕೂತವನ ಪುಣ್ಯ” ಅಂದರು ಗೆಳೆಯರು.

ಆ ಪದಕ್ಕೂ ಒಂದು ಒಳ್ಳೆಯ ಗಳಿಗೆ ಇದ್ದೇ ಇದೆ. ಗೀತೆಯ ಧ್ಯಾನಶ್ಲೋಕಗಳಲ್ಲಿ ಭಗವಂತನ ಕೃಪೆಯನ್ನು ಕೊಂಡಾಡುವಾಗ ಅದು ಮೂಕನನ್ನು ವಾಚಾಲನನ್ನಾಗಿ ಮಾಡುತ್ತದೆ ಎಂದೇ ಇದೆ. ಅಲ್ಲಿ ವಾಚಾಲ ಬೈಗುಳವಲ್ಲ, ವರ. ಅತ್ತೆ ಆ ಶ್ಲೋಕವನ್ನು ದಿನವೂ ಬೆಳಿಗ್ಗೆ ದೀಪ ಹಚ್ಚುವಾಗ ಹೇಳುತ್ತಿದ್ದಳು. “ದೇವರು ಕೇಳಿಸಿಕೊಂಡ. ಡೋಸು ಜಾಸ್ತಿಯಾಯಿತು” ಎಂದು ಚಿಕ್ಕಪ್ಪ ಅನ್ನುತ್ತಿದ್ದ.

ಅರಸೀಕೆರೆ ಮಾವನ ವಿಷಯ ಇನ್ನೂ ಹೇಳಲಿಲ್ಲ. ಹೇಳಲು ಹೆಚ್ಚೇನೂ ಇಲ್ಲ, ಅವರು ಮಾತಾಡುತ್ತಿರಲಿಲ್ಲ. ರೈಲ್ವೆಯಲ್ಲಿದ್ದರು. ನಿವೃತ್ತಿಯಾದ ಮೇಲೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು ಬೆಳಗಿನ ಪೇಪರನ್ನು ಸಂಜೆಯವರೆಗೂ ಓದುತ್ತಿದ್ದರು. ಪೇಪರಿನ ಕೆಳಗೆ ಎರಡು ಕಾಲು, ಅಂಚಿನಲ್ಲಿ ಎಂಟು ಬೆರಳು, ನಮಗೆ ಕಾಣುತ್ತಿದ್ದ ಮಾವ ಇಷ್ಟೇ. ಇಂಥ ಮಾತಿನ ಮಳೆಯ ಪಕ್ಕದಲ್ಲಿ ನಲವತ್ತೆಂಟು ವರ್ಷ ಕೊಡೆಯಿಲ್ಲದೆ ಕೂತ ಮನುಷ್ಯ ಎಂದು ನಾವು ಮಕ್ಕಳೆಲ್ಲ ಮರುಕಪಡುತ್ತಿದ್ದೆವು. ಕಿವಿ ಕೇಳಿಸುವುದಿಲ್ಲ ಎಂದೇ ನಾನು ಬಹಳ ಕಾಲ ನಂಬಿದ್ದೆ.

ಮಾವ ಹೋಗಿ ಮೂರನೆಯ ತಿಂಗಳು ಅತ್ತೆಯನ್ನು ನೋಡಿಕೊಂಡು ಬರಲು ಹೋದೆ. ಅದೇ ಜಗಲಿ, ಕುರ್ಚಿ ಗೋಡೆಗೆ ಒರಗಿತ್ತು. ಕಾಫಿ ಕೊಟ್ಟು ಕೂತಳು. ಬದುಕಿತು, ಮಾತಿಗೇನೂ ಬರಗಾಲ ಬಂದಿಲ್ಲ ಎಂದು ಸಮಾಧಾನವಾಯಿತು. ಹೇಳುತ್ತ ಹೇಳುತ್ತ, “ಆ ಹಾಲಿನ ಡೈರಿ ಹತ್ರ ಅಂಗಡಿ ಇಟ್ಟಿದ್ನಲ್ಲ, ಅವನು… ಯಾರದು…” ಅಂದು ಕತ್ತನ್ನು ಎಡಕ್ಕೆ, ಕುರ್ಚಿಯ ಕಡೆಗೆ, ಒಂದಿಷ್ಟು ತಿರುಗಿಸಿದಳು. ಹಾಗೇ ಇದ್ದಳು.

ಆಗ ನನಗೆ ನೆನಪಾಯಿತು. ಇಷ್ಟು ವರ್ಷವೂ ಅವಳು ಹೆಸರು ಮರೆತಾಗಲೆಲ್ಲ ಪೇಪರಿನ ಹಿಂದಿನಿಂದ ಒಂದು ದನಿ ಆ ಹೆಸರನ್ನು ಇಟ್ಟುಕೊಡುತ್ತಿತ್ತು. ಹಾಳೆ ಅಲುಗುತ್ತಿರಲಿಲ್ಲ. ಅತ್ತೆಯೂ “ಹ್ಞಾ, ಅವನೇ” ಅಂತ ಕೂಡ ಅನ್ನದೆ, ಎಲೆಯ ಮೇಲೆ ಬಡಿಸಿದ್ದನ್ನು ಉಣ್ಣುವ ಹಾಗೆ, ಮುಂದುವರಿಯುತ್ತಿದ್ದಳು. ಎಷ್ಟು ಸಲೀಸಾಗಿ ನಡೆಯುತ್ತಿತ್ತೆಂದರೆ ಅಲ್ಲಿ ಇಬ್ಬರು ಮಾತಾಡುತ್ತಿದ್ದಾರೆ ಅಂತ ನಮಗ್ಯಾರಿಗೂ ಅನ್ನಿಸಿರಲಿಲ್ಲ. ಮಾವ ಪೇಪರನ್ನು ಯಾವತ್ತೂ ಓದುತ್ತಿರಲಿಲ್ಲವೋ ಏನೋ.

ಅವತ್ತು ಆ ಹೆಸರು ಬರಲಿಲ್ಲ. ಅತ್ತೆ ಲೋಟ ತೆಗೆದುಕೊಂಡು ಒಳಗೆ ಹೋದಳು.

ಮಾವನಂಥವರಿಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಮಾತಾಡುವವರಿಗೆ ಬೊಗಸೆತುಂಬ ಪದವಿರುವ ಭಾಷೆಯಲ್ಲಿ ಕೇಳುವವನಿಗೆ ಏನಿದೆ? ಶ್ರೋತೃ ಇದೆ, ಅದು ರೇಡಿಯೋದ್ದು. ಕೇಳುಗ ಅಂದರೂ ಆಕಾಶವಾಣಿಯ ವಾಸನೆ. ಹೂಂಗುಟ್ಟುವುದು ಎಂಬ ಸೊಗಸಾದ ಕ್ರಿಯಾಪದ ಉಂಟು. ಅಜ್ಜಿ ಕತೆ ಹೇಳುವಾಗ ನಾವು ಹೂಂ ಅನ್ನದಿದ್ದರೆ ರಾಜಕುಮಾರ ಏಳು ಸಮುದ್ರದ ನಡುವೆಯೇ ನಿಂತುಬಿಡುತ್ತಿದ್ದ. ಆದರೆ ‘ಹೂಂಗುಟ್ಟುವವ’ ಅಂದರೆ ಹೆಂಡತಿಗೆ ಹೆದರುವ ಗಂಡ ಎಂದೇ ಜನ ನಗುತ್ತಾರೆ. ನಿಘಂಟು ಮಾಡಿದವರೇ ಮೊದಲು ದೊಡ್ಡ ಕೇಳುಗರಲ್ಲವೇ? ಕಿಟೆಲ್ ಸಾಹೇಬರು ಜರ್ಮನಿಯಿಂದ ಬಂದು ನಮ್ಮ ಗಾದೆಗಳನ್ನೂ ಆಡುಮಾತನ್ನೂ ಕಿವಿಗೊಟ್ಟು ಕೇಳಿ ಕೂಡಿಸದಿದ್ದರೆ 1894ರಲ್ಲಿ ಆ ಕೋಶ ಮಂಗಳೂರಿನಲ್ಲಿ ಅಚ್ಚಾಗುತ್ತಿತ್ತೇ? ಅವರೆದುರು ಕೂತು ಮಾತಾಡಿದವರಲ್ಲಿ ಒಂದಿಬ್ಬರಾದರೂ ನಮ್ಮ ಅತ್ತೆಯಂಥವರು ಇದ್ದಿರಲೇಬೇಕು. ‘ಪ್ರಜಾವಾಣಿ’ಯಲ್ಲಿ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣಕ್ಕೆ ಈ ಪ್ರಶ್ನೆ ಬರೆಯಬೇಕೆಂದು ಒಂದು ಕಾರ್ಡು ತಂದಿಟ್ಟಿದ್ದೆ. ಆಮೇಲೆ ಬರೆದರಾಯಿತು ಎಂದು ಬಿಟ್ಟೆ. ಅವರು ನೂರೇಳು ವರ್ಷ ಬದುಕಿ, 2021ರಲ್ಲಿ ಹೋದರು. ಅಷ್ಟು ಕಾಲಾವಕಾಶ ಕೊಟ್ಟರೂ ನನ್ನ ಕಾರ್ಡು ಮೇಜಿನ ಡ್ರಾಯರಿನಲ್ಲೇ ಉಳಿಯಿತು.

ಈಗ ನಾನೂ ನಿವೃತ್ತ, ಮೈಸೂರಿನಲ್ಲಿ ಮನೆ. ಹಿತ್ತಲಿನ ಸಪೋಟ ಗಿಡದ ಕೆಳಗೆ ಬೆಳಿಗ್ಗೆ ಏಳರ ಹೊತ್ತಿಗೆ ಬೂದುಬಣ್ಣದ ಹಕ್ಕಿಗಳ ಹಿಂಡೊಂದು ಬರುತ್ತದೆ. ಒಂದೇ ಸಮನೆ ಕಿಚಕಿಚ, ಜಗಳವೋ ಸರಸವೋ ತಿಳಿಯದು. ಒಣಗಿದ ಎಲೆಯನ್ನು ಒಂದು ಹಕ್ಕಿ ಮಗುಚುತ್ತದೆ, ಅಡಿಯಲ್ಲಿ ಹುಳವಿಲ್ಲ. ಆ ಸುದ್ದಿಯನ್ನು ಉಳಿದ ಆರೂ ಚರ್ಚಿಸುತ್ತವೆ. ಇಂಗ್ಲಿಷಿನವರು ಇವನ್ನು ಸೆವೆನ್ ಸಿಸ್ಟರ್ಸ್ ಅಂದರು. ಹಿಂದಿಯವರು ಸಾತ್ ಭಾಯಿ ಅಂದರು. ಅಕ್ಕತಂಗಿಯರೋ ಅಣ್ಣತಮ್ಮಂದಿರೋ ಎಂಬ ಗೋಜಿಗೆ ಹೋಗದೆ ಕನ್ನಡದಲ್ಲಿ ಇಟ್ಟ ಹೆಸರು ಹರಟೆಮಲ್ಲ. ಹಕ್ಕಿಗಾದ್ದರಿಂದ ಇದರಲ್ಲಿ ನಂಜಿಲ್ಲ. ಗಮನಿಸಿದರೆ ಒಂದು ಹಕ್ಕಿ ಮಾತ್ರ ಕೆಳಗಿಳಿಯದೆ ಕೊಂಬೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಅದು ಕಾವಲು. ಬೆಕ್ಕೋ ಗಿಡುಗವೋ ಕಂಡರೆ ಅದೊಂದು ಕೂಗು ಹಾಕುತ್ತದೆ, ಅಷ್ಟೂ ಹಾರಿಹೋಗುತ್ತವೆ. ಮಿಕ್ಕವು ನಿಶ್ಚಿಂತೆಯಿಂದ ಹರಟುವುದು ಅದೊಂದು ಸುಮ್ಮನೆ ಕೂತಿರುವ ಧೈರ್ಯದ ಮೇಲೆ.

ಮೂರನೆಯ ಕ್ಲಾಸಿನ ವಾಚಾಳಿ ಎಲ್ಲಿ ಹೋದನೋ ಗೊತ್ತಿಲ್ಲ. ಮೂವತ್ತೈದು ವರ್ಷ ಕೌಂಟರಿನ ಹಿಂದೆ ಕೂತು ಟೋಕನ್ ನಂಬರು ಕೂಗಿ ಕೂಗಿ ನನ್ನ ಮಾತೆಲ್ಲ ಅಂಕಿಗಿಳಿದುಬಿಟ್ಟಿದೆ. “ಏನಾದರೂ ಮಾತಾಡ್ರೀ” ಅನ್ನುತ್ತಾಳೆ ಹೆಂಡತಿ. ಎರಡು ಮಾತು ಹುಡುಕುವುದರೊಳಗೆ ಅವಳ ಧಾರಾವಾಹಿ ಶುರುವಾಗಿರುತ್ತದೆ.

ಭಾನುವಾರ ಮಾತ್ರ ಅತ್ತೆಗೆ ಫೋನು ಮಾಡುತ್ತೇನೆ. ಅವಳಿಗೀಗ ಎಂಬತ್ತಾರು. ಸ್ಪೀಕರಿಗೆ ಹಾಕಿ, ಪೇಪರು ಬಿಡಿಸಿಕೊಂಡು ಕೂತು, ಹೂಂ, ಹೂಂ ಅನ್ನುತ್ತಿರುತ್ತೇನೆ. ಹಿಂದಿನ ವರ್ಷ ಕರೆಗಳು ಚಿಕ್ಕದಾಗತೊಡಗಿದವು. ಮುಕ್ಕಾಲು ಗಂಟೆಯದು ಇಪ್ಪತ್ತು ನಿಮಿಷಕ್ಕೆ, ಆಮೇಲೆ ಒಂಬತ್ತಕ್ಕೆ ಇಳಿಯಿತು. ಹೆಸರು ಸಿಕ್ಕದೆ ನಿಂತಲ್ಲಿಂದ ಅವಳು ಮುಂದೆ ಹೋಗುತ್ತಿರಲಿಲ್ಲ. “ಇರಲಿ ಬಿಡು, ಇಡ್ತೀನಿ” ಅನ್ನುತ್ತಿದ್ದಳು. ಹಾಗಾಗಿ ಒಂದು ಕೆಲಸ ಮಾಡಿದೆ. ಅರಸೀಕೆರೆಯಲ್ಲಿ ಇನ್ನೂ ಇರುವ ಮಾವನ ಹಳೆಯ ಸ್ನೇಹಿತರೊಬ್ಬರನ್ನು ಹಿಡಿದು, ಡೈರಿಯ ಹಿಂಬದಿಯ ಹಾಳೆಗಳಲ್ಲಿ ಹೆಸರು ಬರೆದುಕೊಳ್ಳತೊಡಗಿದೆ. ಕೊಬ್ಬರಿ ಮಂಡಿಯವರು, ಗಾರ್ಡು, ಗಾರ್ಡಿನ ಹೆಂಡತಿ, ಹಾವು ಕಚ್ಚಿಸಿಕೊಂಡವನು, ಡೈರಿಯ ಹತ್ತಿರದ ಅಂಗಡಿಯವನು. ನಲವತ್ತೊಂದು ಹೆಸರಾಗಿದೆ. ಬ್ಯಾಂಕಿನವನಾದ್ದರಿಂದ ಅಕಾರಾದಿಯಾಗಿ, ಕೈಬರಹ ಚೊಕ್ಕವಾಗಿ.

ಕಳೆದ ಭಾನುವಾರ ಹೋಳಿಗೆಯ ಪ್ರಸಂಗ ಮತ್ತೆ ಬಂತು. “ಆ ಬೀಗರ ಕಡೆಯವನು, ಎದ್ದುಹೋದ್ನಲ್ಲ, ಅವನು… ಯಾರದು…” ಅಂದಳು. ಹಾಳೆ ಮಗುಚಿ, ಪೇಪರಿನ ಹಿಂದಿನಿಂದ ಹೆಸರು ಹೇಳಿದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅತ್ತೆ ಮುಂದುವರಿದಳು. ಹಾವು ಬಂತು, ಗೂಡ್ಸ್ ಗಾಡಿ ಬಂತು, ಸೋಡ ಬಂತು. ಐವತ್ತೆರಡನೆಯ ನಿಮಿಷಕ್ಕೆ “ಅದಕ್ಕೇ ಹೇಳಿದ್ದು” ಎಂದು ಫೋನಿಟ್ಟಳು.

ಯಾವುದಕ್ಕೆ ಅಂತ ಈ ಸಲವೂ ತಿಳಿಯಲಿಲ್ಲ.